ಎಡಗನ್ನಡಿ

ಇಬ್ಬಲೂರು ದಾಟಿ ಬೆಳ್ಳಂದೂರಿನ ಕಡೆ ಕ್ಯಾಬಿನಲ್ಲಿ ಹೊರಟಿದ್ದೆವು. ಬೆಂಗಳೂರಿನ ಔಟರ್ ರಿಂಗ್ ರೋಡಿನ ಎಡ ಅಂಚಿನುದ್ದಕ್ಕೂ ಹೊಸದಾಗಿ ನೆಟ್ಟ ಗಿಡ್ಡ ಕಂಬಗಳ ಸಾಲು. ಅದರಾಚೆ ಟಾರಿನ ಮೇಲೆ ಬಿಳಿ ಬಣ್ಣದ ಸೈಕಲ್ ಚಿತ್ರ.

ಕೊರೊನಾ ಕಾಲ, 2020ರ ಕೊನೆಯ ದಿನಗಳವು. ಐಟಿ ಕಂಪನಿಗಳ ಕೆಲಸವೆಲ್ಲ ಮನೆಮನೆಗೆ ಹೋಗಿ, ರಸ್ತೆ ಎಂದೂ ಇಲ್ಲದಷ್ಟು ಬಿಡುವಾಗಿತ್ತು. ಆ ಹೊತ್ತಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ದಿಕ್ಕಿಗೆ ಈ ಸೈಕಲ್ ಪಥ ಮಾಡಿಸಿತ್ತು. ಹಿಂದಿನ ವರ್ಷ, 2019ರಲ್ಲಿ, ಇದೇ ರಸ್ತೆಯಲ್ಲಿ ಬಸ್ಸಿಗೆಂದು ಒಂದು ಪಥ ಬಿಟ್ಟಿದ್ದರು.

"ಬಸ್ಸಿಗೊಂದು, ಸೈಕಲ್ಲಿಗೊಂದು. ನಮಗೆಲ್ಲಿ ಸಾರ್ ಜಾಗ?" ಎಂದರು ಕ್ಯಾಬ್ ಡ್ರೈವರ್. ದಿನಕ್ಕೆ ಹನ್ನೆರಡು ಗಂಟೆ ಸ್ಟೀರಿಂಗ್ ಹಿಡಿಯುವವರ ಮಾತದು, ತಳ್ಳಿಹಾಕುವಂತಿರಲಿಲ್ಲ.

ಮುಂದೆ ಬಿಎಂಟಿಸಿ ಬಸ್ಸೊಂದು ಸ್ಟಾಪಿಗೆ ಬರಬೇಕಿತ್ತು. ನಡುವೆ ಸೈಕಲ್ ತುಳಿಯುತ್ತಿದ್ದ ಹುಡುಗಿ. ಮುಂದೆ ನುಗ್ಗಿ ಅಡ್ಡ ಹಾಕುವ ಬದಲು ಬಸ್ಸು ಅವಳ ಹಿಂದೆಯೇ ನಿಧಾನವಾಯಿತು. ಅವಳು ದಾಟಿದ ಮೇಲೆ ಎಡಕ್ಕೆ ಬಂತು. ಅಷ್ಟರಲ್ಲಿ ಒಬ್ಬ ಬೈಕಿನವನು ಕಂಬಗಳ ಸಂದಿನಿಂದ ಪಥದೊಳಗೇ ನುಸುಳಿಹೋದ. ಸೈಕಲ್ ಪಥದಲ್ಲಿ ಮೋಟಾರು ಗಾಡಿ ಓಡಿಸಬಾರದೆಂಬ ನಿಯಮ 1989ರಿಂದಲೂ ಇದೆ. ಆದರೆ ಅಂಥ ಪಥವೇ ಅಪರೂಪವಾದ ಊರಿನಲ್ಲಿ ಅದನ್ನು ಕಲಿತವರು ಯಾರು?

ಸರ್ವಿಸ್ ರೋಡಿಗೆ ಇಳಿಯಲು ನಮ್ಮ ಕಾರು ಎಡಕ್ಕೆ ಹೊರಳಿತ್ತಷ್ಟೆ, ಪಕ್ಕದಲ್ಲೇ ಬೆಲ್ ಟ್ರಿಣ್ ಎಂದಿತು. ಬ್ರೇಕ್. ಒಂದು ಮೊಳ ದೂರದಲ್ಲಿ ನೀಲಿ ಅಂಗಿಯ ಸೆಕ್ಯೂರಿಟಿ ಗಾರ್ಡ್, ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಹ್ಯಾಂಡಲ್ಲಿಗೆ ತೂಗುಹಾಕಿದ ಊಟದ ಡಬ್ಬಿ ಇನ್ನೂ ಓಲಾಡುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದವನಿರಬೇಕು, ಕಣ್ಣು ಕೆಂಪಾಗಿತ್ತು. ಬೈಯಲಿಲ್ಲ. ಡ್ರೈವರ್ ಕೈಬೀಸಿ, "ಹೋಗಣ್ಣ ಹೋಗು" ಎಂದರು. ಅವನು ಪೆಡಲ್ ಒತ್ತಿ ಹೋದ.

ಕಾರನ್ನು ಬದಿಗೆ ನಿಲ್ಲಿಸಿ ಡ್ರೈವರ್ ಕೆಳಗಿಳಿದರು. ಎಡಗಡೆಯ ಕನ್ನಡಿ ಮಡಚಿಕೊಂಡೇ ಇತ್ತು. ಇಕ್ಕಟ್ಟಿನಲ್ಲಿ ತಗಲುತ್ತದೆಂದು ಬೆಂಗಳೂರಿನ ಎಷ್ಟೋ ಕಾರುಗಳಲ್ಲಿ ಅದು ಹಾಗೇ ಇರುತ್ತದೆ. ಅದನ್ನು ಬಿಡಿಸಿ, ಅಂಗಿಯ ತುದಿಯಿಂದ ಧೂಳು ಒರೆಸಿದರು. "ಆ ಕಡೆಯಿಂದ ಯಾರೂ ಬರಲ್ಲ ಅಂತಲೇ ಅಭ್ಯಾಸ ಆಗ್ಬಿಟ್ಟಿತ್ತು ಸಾರ್" ಎಂದರು. ನಾನು ಇಳಿಯಹೊರಟಾಗ, "ಹಿಂದೆ ನೋಡ್ಕೊಂಡು ಬಾಗಿಲು ತೆಗೀರಿ" ಎಂದೂ ಸೇರಿಸಿದರು. ಎಡಬಾಗಿಲನ್ನು ಬಲಗೈಯಿಂದ ತೆಗೆದರೆ ಮೈ ತಾನಾಗಿ ತಿರುಗಿ, ನೋಟ ಹಿಂದಕ್ಕೆ ಹೋಗುತ್ತದೆ. ಅಂದಿನಿಂದ ನಾನು ಹಾಗೆಯೇ ತೆಗೆಯುತ್ತೇನೆ.

ಆಮೇಲೆ ಮೆಟ್ರೊ ಕಾಮಗಾರಿ ಬಂತು. ಕಂಬಗಳು ಹೋದವು, ಬಿಳಿ ಚಿತ್ರಗಳು ಅಳಿಸಿಹೋದವು. ಪಾಳಿ ಮುಗಿಸಿ ಮನೆಗೆ ಹೊರಟವರು ಮಾತ್ರ ಈಗಲೂ ಅದೇ ಎಡ ಅಂಚಿನಲ್ಲಿ, ಯಾವ ಆಸರೆಯೂ ಇಲ್ಲದೆ, ಸೈಕಲ್ ತುಳಿಯುತ್ತಿದ್ದಾರೆ. ಕಾರು ಓಡಿಸುವವರು ದಯವಿಟ್ಟು ಎಡಗನ್ನಡಿ ಬಿಡಿಸಿಟ್ಟುಕೊಳ್ಳಿ.