ಪಾಠ ಬರೆಯುವಾಗ ಮೌಸ್ ಬಿಟ್ಟಿದ್ದು

ಹೋದ ತಿಂಗಳು ಒಂದು ದಾನಶಾಸನದ ಪಾಠ ಬರೆಯುತ್ತಾ ಇಡೀ ಒಂದು ದಿಕ್ಕನ್ನೇ ಕಳೆದಿದ್ದೆ. ಭೂಮಿಯ ಎಲ್ಲೆ ಹೇಳುವ ಭಾಗ ಅದು. ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಒಂದೇ ಧಾಟಿಯ ಸಾಲುಗಳು, ಪ್ರತಿಯೊಂದರ ಕೊನೆಗೂ ಅದೇ ಪದ. ಪಡಿಯಚ್ಚಿನ ಫೋಟೋದಿಂದ ಕಣ್ಣು ತೆಗೆದು, ಮೌಸ್ ಹಿಡಿದು, ಬರೆಯುವ ಫೈಲ್ ಹುಡುಕಿ ವಾಪಸ್ ಬರೋ ಹೊತ್ತಿಗೆ ಕಣ್ಣು ಕೆಳಗಿನ ಸಾಲಿನ ಅದೇ ಪದಕ್ಕೆ ಜಾರಿತ್ತು. ತೆಂಕಲ ಎಲ್ಲೆ ಮಾಯ! ಓಲೆಗರಿ ನಕಲು ಮಾಡುತ್ತಿದ್ದ ಲಿಪಿಕಾರರಿಗೂ ಇದೇ ಕಾಟವಿತ್ತು. ಪಾಪ, ಅವರಿಗೆ ಮೌಸ್ ಇರಲಿಲ್ಲ ಅಷ್ಟೇ. ಎರಡನೇ ಓದಿನಲ್ಲಿ ಸಿಕ್ಕಿತು, ಬಚಾವಾದೆ.

ಆಮೇಲೆ ನಾಗರಬಾವಿಯ ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು ಏರ್ಪಾಡು ಮಾಡಿಕೊಂಡೆ. ಬೆಂಗಳೂರು ಸುತ್ತಿನ ಶಾಸನಗಳಿಗೆ ನನಗೆ ದಿನವೂ ಬೇಕಾಗುವುದು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ, 1905ರದ್ದು. ಅದರಲ್ಲಿ ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಪಾಠ ಮೂರೂ ಬೇರೆ ಬೇರೆ ಭಾಗಗಳಲ್ಲಿವೆ. ಒಂದೇ ಪಿಡಿಎಫ್‌ನಲ್ಲಿ ನೂರಾರು ಪುಟ ಹಿಂದೆ ಮುಂದೆ ಓಡಾಡಿ ಸಾಕಾಗಿತ್ತು. ಹಾಗಾಗಿ ಅದನ್ನು ಮೂರು ಫೈಲ್ ಮಾಡಿ ಮೂರಕ್ಕೂ ಒಂದೊಂದು ಕೀಲಿ ಕೊಟ್ಟೆ.

ವಿಂಡೋಸ್‌ನಲ್ಲಿ ಹೀಗೆ. ಫೈಲ್ ಅಥವಾ ಪ್ರೋಗ್ರಾಮ್ ಮೇಲೆ ಬಲ ಕ್ಲಿಕ್ ಮಾಡಿ 'ಸೆಂಡ್ ಟು'ನಲ್ಲಿ ಡೆಸ್ಕ್‌ಟಾಪ್ ಆರಿಸಿ (ವಿಂಡೋಸ್ 11 ಆದರೆ ಮೊದಲು 'ಶೋ ಮೋರ್ ಆಪ್ಶನ್ಸ್' ಒತ್ತಬೇಕು). ಡೆಸ್ಕ್‌ಟಾಪಿನಲ್ಲಿ ಬಂದ ಶಾರ್ಟ್‌ಕಟ್ ಮೇಲೆ ಮತ್ತೆ ಬಲ ಕ್ಲಿಕ್, ಪ್ರಾಪರ್ಟೀಸ್. 'ಶಾರ್ಟ್‌ಕಟ್ ಕೀ' ಅನ್ನೋ ಜಾಗದಲ್ಲಿ 'ನನ್' ಅಂತಿರುತ್ತದೆ. ಅಲ್ಲಿ ಕೆ ಒತ್ತಿದರೆ ಕಂಟ್ರೋಲ್, ಆಲ್ಟ್ ತಾನಾಗೇ ಸೇರಿಕೊಳ್ಳುತ್ತವೆ. ಓಕೆ ಒತ್ತಿದರೆ ಮುಗೀತು. ಈಗ ಕಂಟ್ರೋಲ್-ಆಲ್ಟ್-ಕೆ ಅಂದರೆ ನನಗೆ ಕನ್ನಡ ಪಾಠ. ಈ ಶಾರ್ಟ್‌ಕಟ್ ಡೆಸ್ಕ್‌ಟಾಪಿನಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಇರಲೇಬೇಕು. ಚೆಂದ ಕಾಣಲಿ ಅಂತ ಬೇರೆ ಫೋಲ್ಡರಿಗೆ ಎತ್ತಿಟ್ಟರೆ ಕೀಲಿ ಕೆಲಸ ಮಾಡೋಲ್ಲ.

ಅಕ್ಷರ ಆರಿಸುವಾಗ ಹುಷಾರು. ಫೋಟೋ ಅಂತ ನಾನು ಮೊದಲು ಎಫ್ ಕೊಟ್ಟಿದ್ದೆ. ವರ್ಡ್‌ನಲ್ಲಿ ಕಂಟ್ರೋಲ್-ಆಲ್ಟ್-ಎಫ್ ಅಡಿಟಿಪ್ಪಣಿ ಹಾಕುವ ಕೀಲಿ. ನಮ್ಮಂಥವರು ಅದಿಲ್ಲದೆ ಬದುಕೋದುಂಟೇ? ಟಿಪ್ಪಣಿ ಹಾಕಲು ಹೋದಾಗಲೆಲ್ಲ ಫೋಟೋ ಎದ್ದು ಬರುತ್ತಿತ್ತು. ಒಂದು, ಎರಡು, ಮೂರು ಅಂಕಿಗಳೂ ಅಲ್ಲಿ ಶೀರ್ಷಿಕೆಗಳಿಗೆ ಮೀಸಲು, ಅವನ್ನೂ ಬಿಡಿ.

ಆಗಲೇ ತೆರೆದಿರುವ ಫೋಟೋಗೂ ಪಾಠದ ಫೈಲ್‌ಗೂ ನಡುವೆ ಓಡಾಡಲು ಇನ್ನೂ ಸುಲಭದ ದಾರಿ ಇದೆ. ಎರಡೂ ಪ್ರೋಗ್ರಾಮನ್ನು ಕೆಳಗಿನ ಟಾಸ್ಕ್‌ಬಾರ್‌ಗೆ ಪಿನ್ ಮಾಡಿ ಮೊದಲ ಎರಡು ಜಾಗಕ್ಕೆ ಎಳೆದಿಡಿ. ವಿಂಡೋಸ್ ಕೀ ಜೊತೆ 1 ಒತ್ತಿದರೆ ಮೊದಲನೆಯದು, 2 ಒತ್ತಿದರೆ ಎರಡನೆಯದು. ಬಲಗೈ ಬೆರಳು ಪರದೆಯ ಮೇಲೆ ಓದುತ್ತಿರುವ ಅಕ್ಷರದ ಹತ್ತಿರವೇ ಇರಲಿ, ಎಡಗೈಯೊಂದೇ ಸಾಕು.

ಉಬುಂಟು ಬಳಸುವವರಿಗೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕಸ್ಟಮ್ ಶಾರ್ಟ್‌ಕಟ್ ಸಿಗುತ್ತದೆ.

ಇಷ್ಟಾದ ಮೇಲೂ ಕಲ್ಲಿನ ಸಾಲು, ಪಾಠದ ಸಾಲು ಎರಡನ್ನೂ ಎಣಿಸಿ ನೋಡುವುದನ್ನು ನಾನು ಬಿಟ್ಟಿಲ್ಲ.