ಮಕ್ಕಳ ‘ಇಮ್ಯುನಿಟಿ’ ಡಬ್ಬದಲ್ಲಿ ಸಿಗಲ್ಲ

ಜೂನ್ ಬಂತೆಂದರೆ ಮಳೆ, ಶಾಲೆ, ನೆಗಡಿ ಮೂರೂ ಒಟ್ಟಿಗೇ ಶುರು. ಬೆನ್ನಿಗೇ ನನ್ನ ಓರಗೆಯ ಅಪ್ಪ-ಅಮ್ಮಂದಿರ ಪ್ರಶ್ನೆಯೂ ಶುರು: “ಮಗೂಗೆ ಇಮ್ಯುನಿಟಿ ಬೂಸ್ಟ್ ಆಗೋಕೆ ಏನು ಕೊಡ್ಬೇಕು?” ಉತ್ತರ ಕೊಡಲು ಮಾರುಕಟ್ಟೆ ತುದಿಗಾಲಲ್ಲಿ ನಿಂತಿದೆ. ಪುಡಿ, ಸಿರಪ್, ಗಮ್ಮಿ ಎಲ್ಲದರ ಮೇಲೂ ಅದೇ ಪದ.

ಈ ‘ಬೂಸ್ಟ್’ ಅನ್ನೋದೇ ದಾರಿ ತಪ್ಪಿಸುವ ಮಾತು. ನಾನು ಓದಿದ್ದು ಇಂಜಿನಿಯರಿಂಗ್. ಒಳ್ಳೆಯ ವ್ಯವಸ್ಥೆ ಸದಾ ಫುಲ್ ಸ್ಪೀಡಲ್ಲಿ ಓಡಲ್ಲ. ಬೇಕಾದಾಗ ಆನ್ ಆಗಿ, ಕೆಲಸ ಮುಗಿದ ಮೇಲೆ ಆಫ್ ಆಗುತ್ತೆ ಅಂತ ಅಲ್ಲಿ ಕಲಿತೆ. ದೇಹದ ರಕ್ಷಣಾ ವ್ಯವಸ್ಥೆಯೂ ಹಾಗೇ. ಸುಮ್ಮಸುಮ್ಮನೆ ಕೆರಳಿದರೆ ಅಲರ್ಜಿ, ತನ್ನ ದೇಹದ ಮೇಲೇ ತಿರುಗಿಬಿದ್ದರೆ ಟೈಪ್ 1 ಮಧುಮೇಹದಂಥ ಕಾಯಿಲೆ.

ಇನ್ನು ನೆಗಡಿ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ಬರೋದು ಸಹಜ. ಅದನ್ನು ತರುವ ವೈರಸ್‌ಗಳೇ 200ಕ್ಕೂ ಹೆಚ್ಚಿವೆ. ಹೊಸದಾಗಿ ಶಾಲೆಗೆ ಸೇರಿದ ಮಗು ಒಂದೊಂದನ್ನೇ ಪರಿಚಯ ಮಾಡಿಕೊಳ್ಳುತ್ತಿರುತ್ತೆ. ಅದಕ್ಕೆಲ್ಲ ಆಂಟಿಬಯೋಟಿಕ್ ಕೊಟ್ಟರೆ ಪ್ರಯೋಜನವಿಲ್ಲ. ಅದು ವೈರಸ್ ಮೇಲೆ ಕೆಲಸ ಮಾಡಲ್ಲ.

ಹಾಗಾದ್ರೆ ನಿಜಕ್ಕೂ ಕೆಲಸಕ್ಕೆ ಬರೋದು ಏನು?

ಲಸಿಕೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸಾಪ್‌ನಲ್ಲಿ ಹರಿದಾಡಿದ ವದಂತಿಗಳು ನೆನಪಿರಬಹುದು. ದಡಾರ ಬರೀ ಮೈಮೇಲೆ ಗುಳ್ಳೆ ಎಬ್ಬಿಸಿ ಹೋಗಲ್ಲ. ಹಳೆಯ ಸೋಂಕುಗಳ ವಿರುದ್ಧ ದೇಹ ಕೂಡಿಟ್ಟ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟನ್ನು ಅಳಿಸಿಹಾಕುತ್ತೆ ಅಂತ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಅಂದರೆ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಆದ ಹಾಗೆ. 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್, ಸರ್ಕಾರಿ ಕೇಂದ್ರದಲ್ಲಿ ಉಚಿತ.

ಊಟ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಕಬ್ಬಿಣದ ಕೊರತೆ. ಕಬ್ಬಿಣ ಸಾಲದಿದ್ದರೆ ಸೋಂಕಿನ ವಿರುದ್ಧ ಹೋರಾಡುವ ಜೀವಕೋಶಗಳೂ ಸೊರಗುತ್ತವೆ. ಸೊಪ್ಪು, ಕಾಳು ಹಾಕಿದ ಬಸ್ಸಾರು, ಮೇಲೊಂದಿಷ್ಟು ನಿಂಬೆರಸ. ತಿನ್ನುವವರಾದರೆ ಮೊಟ್ಟೆ, ಮಾಂಸ. ನಿಂಬೆಯ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತೆ. ಊಟದ ಜೊತೆ ಟೀ ಕೊಟ್ಟರೆ ತದ್ವಿರುದ್ಧ. ಕೂಸಾದರೆ ಮೊದಲ 6 ತಿಂಗಳು ತಾಯಿಹಾಲು ಮಾತ್ರ.

ಡಬ್ಬದ ಪುಡಿಗಳ ವಿಷಯಕ್ಕೆ ಬಂದರೆ, ‘ಹೆಲ್ತ್ ಡ್ರಿಂಕ್’ ಅನ್ನೋದಕ್ಕೆ ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ವ್ಯಾಖ್ಯಾನವೇ ಇಲ್ಲ. ಅದಕ್ಕೇ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಹೇಳಿದ್ದು. ಡಬ್ಬದ ಹಿಂಬದಿ ತಿರುಗಿಸಿ, ಸಕ್ಕರೆ ಎಷ್ಟಿದೆ ಓದಿ.

ನಿದ್ದೆ. 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು. ಬೆಳಿಗ್ಗೆ 6ಕ್ಕೆ ಏಳಬೇಕಾದ ಎರಡನೇ ಕ್ಲಾಸಿನ ಮಗು ರಾತ್ರಿ ಹತ್ತೂವರೆವರೆಗೆ ಮೊಬೈಲ್ ನೋಡ್ತಿದ್ರೆ ಲೆಕ್ಕ ನೀವೇ ಹಾಕಿ.

ಸೋಪು, ಸ್ವಚ್ಛ ಗಾಳಿ. ಊಟಕ್ಕೆ ಮುಂಚೆ, ಶೌಚದ ನಂತರ 20 ಸೆಕೆಂಡ್ ಕೈ ತೊಳೆಯೋದು. ಮನೆಯೊಳಗೆ ಬೀಡಿ-ಸಿಗರೇಟು ಬೇಡವೇ ಬೇಡ; ಆ ಹೊಗೆಯಿಂದ ಮಕ್ಕಳಿಗೆ ಕಿವಿ ಸೋಂಕು, ನ್ಯುಮೋನಿಯಾ ಹೆಚ್ಚು.

ಇಷ್ಟೆಲ್ಲ ಮಾಡಿಯೂ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಬಂದರೆ, ತೂಕ ಏರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಉಸಿರು ಜೋರಾಗಿ ಏದುತ್ತಿದ್ದರೆ ಅವತ್ತೇ ಓಡಿ.

ನನ್ನ ತಕರಾರು ಇಷ್ಟೇ: ನಿದ್ದೆಗೆ, ಸೊಪ್ಪಿಗೆ ಜಾಹೀರಾತು ಕೊಡೋರು ಯಾರೂ ಇಲ್ಲ. ಹಾಗಾಗಿ ದಿನಗೂಲಿ ಮನೆಯೂ ಮೊಟ್ಟೆಯ ದುಡ್ಡನ್ನು ಡಬ್ಬಕ್ಕೆ ಸುರಿಯುತ್ತೆ. ಮುಂದಿನ ಡಬ್ಬ ಕೊಳ್ಳುವ ಮೊದಲು ಮನೆಯಲ್ಲಿರೋ ತಾಯಿ ಕಾರ್ಡ್ ತೆಗೆದು, ಬಾಕಿ ಉಳಿದ ಲಸಿಕೆ ಇದೆಯಾ ಅಂತ ಒಮ್ಮೆ ನೋಡಿ.