ರಿ ಅಂದ್ರ ಏನ್ರಿ?

ಶಿಗ್ಗಾವಿಯಿಂದ ಹಾನಗಲ್ಲಿಗೆ ಹೊರಟ ಬಸ್ಸು. ಕಂಡಕ್ಟರ್ ಟಿಕೆಟ್ ಯಂತ್ರ ಹಿಡಿದುಕೊಂಡು ಸೀಟಿನ ಪಕ್ಕ ಬಂದು ನಿಲ್ಲುತ್ತಾನೆ.

“ಎಲ್ಲಿಗ್ರಿ?”

“ಹಾನಗಲ್ಲಿಗ್ರಿ.”

“ಎಷ್ಟ ಮಂದಿರಿ?”

“ಇಬ್ಬರ್ರಿ.”

“ಚಿಲ್ಲರ ಐತೇನ್ರಿ?”

“ಇಲ್ರಿ.”

ಆರು ಮಾತು, ಆರು ‘ರಿ’. ಆಡಿದ ಇಬ್ಬರಿಗೂ ಅದು ಕೇಳಿಸಿರುವುದಿಲ್ಲ. ಹಾವೇರಿ ಸೀಮೆಯಲ್ಲಿ ‘ರಿ’ ಉಸಿರಿನ ಹಾಗೆ. ತಪ್ಪಿದಾಗಷ್ಟೇ ಗಮನಕ್ಕೆ ಬರುತ್ತದೆ. ಅದೇ ಕಂಡಕ್ಟರ್ “ಎಲ್ಲಿಗೆ?” ಎಂದಷ್ಟೇ ಕೇಳಿದ್ದರೆ, ಹಿರಿಯರೊಬ್ಬರು ತಲೆ ಎತ್ತಿ ಅವನ ಮುಖ ನೋಡುತ್ತಿದ್ದರು.

ಈ ಒಂದಕ್ಷರ ಎಲ್ಲಿಂದ ಬಂತು? ‘ಬನ್ನಿರಿ’, ‘ಹೋದಿರಿ’, ‘ಮಾಡುತ್ತೀರಿ’ ಎಂಬ ರೂಪಗಳ ಬಾಲ ನೋಡಿದರೆ ಸಾಕು. ‘ನೀವು’ ಎಂಬುದಕ್ಕೆ ಹೊಂದಿಕೊಂಡು ಕ್ರಿಯಾಪದದ ಕೊನೆಗೆ ಬರುವ ಬಹುವಚನದ ಪ್ರತ್ಯಯ ಅದು. ಎದುರಿಗಿರುವವರು ಒಬ್ಬರೇ ಆದರೂ ಹಲವರೆಂಬಂತೆ ಮಾತಾಡಿಸುವುದು ಗೌರವದ ಹಳೆಯ ರೀತಿ. ‘ಬರ್ರಿ’, ‘ಕುಂದರ್ರಿ’ ಎನ್ನುವಾಗ ‘ರಿ’ ವ್ಯಾಕರಣದ ಕೆಲಸ ಮಾಡುತ್ತಿದೆ. ಆದರೆ ಉತ್ತರ ಕರ್ನಾಟಕದಲ್ಲಿ ಅದು ಕ್ರಿಯಾಪದದ ಕಟ್ಟು ಬಿಚ್ಚಿಕೊಂಡು ಹೊರಗೆ ಬಂತು. ಪ್ರಶ್ನೆಗೆ ಅಂಟಿ ‘ಯಾಕ್ರಿ’ ಆಯಿತು, ಒಪ್ಪಿಗೆಗೆ ಅಂಟಿ ‘ಹೂಂರಿ’ ಆಯಿತು. ಫೋನ್ ಬಂದ ಮೇಲೆ ‘ಹಲೋರಿ’, ಇಂಗ್ಲಿಷ್ ಬಂದ ಮೇಲೆ ‘ಸಾರಿರಿ’ ಕೂಡ ಹುಟ್ಟಿಕೊಂಡವು.

ಅದು ಯಾರಿಗೆ ಸಲ್ಲುವ ಗೌರವ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಸವಣೂರಿನ ರೈತ “ನಮ್ಮ ಎಮ್ಮಿ ಈದೈತ್ರಿ” ಎಂದರೆ ಮರ್ಯಾದೆ ಎಮ್ಮೆಗಲ್ಲ, ಸುದ್ದಿ ಕೇಳುತ್ತ ನಿಂತವರಿಗೆ. “ಮಳಿ ಬಂತ್ರಿ” ಎಂದರೂ ಅಷ್ಟೇ. ವಾಕ್ಯದೊಳಗೆ ಎಲ್ಲಿಯೂ ಇಲ್ಲದ ಕೇಳುಗನಿಗೆ ವಾಕ್ಯದ ಕೊನೆಯಲ್ಲೊಂದು ಮಣೆ ಹಾಕಿಟ್ಟ ಹಾಗೆ. ತೆಲುಗಿನ ‘ಅಂಡಿ’, ತಮಿಳಿನ ‘ಂಗ’ ಇದೇ ಕೆಲಸ ಮಾಡುತ್ತವೆ. ದೂರದ ಜಪಾನಿನಲ್ಲಿ ಮಾತಿನ ಕೊನೆಗೆ ಬರುವ ‘ದೆಸು’, ‘ಮಸು’ಗಳೂ ಕೇಳುವವರನ್ನು ಉದ್ದೇಶಿಸಿದ ವಿನಯವೇ.

ಇಷ್ಟೆಲ್ಲ ಹೇಳಿ ತುಂಗಭದ್ರೆ ದಾಟಿ ತೆಂಕಣಕ್ಕೆ ನಡೆದರೆ, ಇದೇ ‘ರಿ’ ದೀರ್ಘವಾಗಿ ‘ರೀ’ ಆಗುತ್ತದೆ, ಮತ್ತು ಗಂಡನ ಹೆಸರಾಗುತ್ತದೆ.

ಹಳೆಯ ಮೈಸೂರಿನ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಆದರೂ ಕರೆಯಲೇಬೇಕಲ್ಲ! ಹೆಸರಿಲ್ಲದ ಕರೆಯಲ್ಲಿ ಉಳಿದದ್ದು ಬರಿಯ ಗೌರವಸೂಚಕ: “ರೀ, ಕೇಳಿಸ್ತಾ?” ಕನ್ನಡ ಸಿನಿಮಾದ ಅಡುಗೆಮನೆಯಿಂದ ಈ ಕೂಗು ಕೇಳಿಬಂದರೆ ಒಳಗಿರುವವಳು ಹೆಂಡತಿ, ಹೊರಗೆ ಪೇಪರ್ ಓದುತ್ತ ಕೂತವನು ಗಂಡ ಎಂದು ಪರದೆ ನೋಡದೆಯೂ ಗೊತ್ತಾಗುತ್ತದೆ. ಅಕ್ಕಪಕ್ಕದ ಭಾಷೆಗಳ ಮನೆಯಲ್ಲೂ ಇದೇ ಕಥೆ. ತೆಲುಗಿನ ಗೃಹಿಣಿಗೆ ಗಂಡ ‘ಏಮಂಡಿ’, ತಮಿಳಿನವಳಿಗೆ ‘ಎನ್ನಂಗ’, ಮರಾಠಿಯವಳಿಗೆ ‘ಅಹೋ’. ಮರಾಠಿ ಹೆಣ್ಣುಮಕ್ಕಳು ತಮ್ಮತಮ್ಮಲ್ಲಿ ಮಾತಾಡುವಾಗ ‘ನಮ್ಮ ಅಹೋ’ ಎಂದು ಅದನ್ನು ನಾಮಪದವನ್ನೇ ಮಾಡಿಕೊಂಡಿದ್ದಾರೆ. ಈ ಕರೆಗಳನ್ನು ಬಿಡಿಸಿ ನೋಡಿದರೆ ಒಳಗೆ ‘ಗಂಡ’ ಎಂಬ ಅರ್ಥದ ಒಂದು ಎಳೆಯೂ ಸಿಗುವುದಿಲ್ಲ.

ಹಾವೇರಿ ಸೀಮೆಯಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಮೈಸೂರು ಕಡೆಯಿಂದ ಹಿರೇಕೆರೂರಿಗೆ ಬಂದ ಸೊಸೆ ಬಾಗಿಲಲ್ಲಿ ನಿಂತು “ರೀ” ಎಂದು ಕೂಗಿದರೆ, ಪಡಸಾಲೆಯಲ್ಲಿ ಕೂತ ಮಾವ, ಮೈದುನ, ಗೊಬ್ಬರದ ಲೆಕ್ಕ ಹೇಳಲು ಬಂದ ನೆರೆಮನೆಯವ ಎಲ್ಲರೂ ತಿರುಗಿ ನೋಡಬಹುದು. ಊರಿಗೆಲ್ಲ ಹಂಚಿಹೋದ ಮಾತು ಒಬ್ಬನನ್ನೇ ಗುರುತಿಸಿ ಕರೆಯಲಾರದು. ದಕ್ಷಿಣದಲ್ಲಿ ಅದು ಅಷ್ಟು ಧಾರಾಳವಾಗಿ ಖರ್ಚಾಗದೆ ಉಳಿದದ್ದರಿಂದಲೇ ಒಬ್ಬನಿಗೆ ಮೀಸಲಾಗಲು ಸಾಧ್ಯವಾಯಿತು.

ಬೆಂಗಳೂರಿನ ರಸ್ತೆಯಲ್ಲಿ ‘ರೀ’ಗೆ ಮೂರನೆಯ ಮುಖವೊಂದಿದೆ. ಸಿಗ್ನಲ್ಲಿನಲ್ಲಿ ಸ್ಕೂಟರಿಗೆ ಕಾರು ತಾಗಿದಾಗ ಏಳುವ ಮೊದಲ ಕೂಗು “ರೀ!” ಅಲ್ಲಿ ಬಹುವಚನ ಇದೆ, ಗೌರವ ಇಲ್ಲ. ಬೀದಿಯಲ್ಲಿ ಅದು ಮಾತಿನ ಕೊನೆಗೆ ಅಂಟಿ ಬಂದರೆ ವಿನಯ, ಮಾತಿನ ಮೊದಲಿಗೆ ಒಂಟಿಯಾಗಿ ಬಂದರೆ ಜಗಳದ ಮುನ್ನುಡಿ. ಹಾವೇರಿಯಿಂದ ಕೆಲಸಕ್ಕೆ ಹೋದ ಹುಡುಗರು ಮೊದಮೊದಲು ಅಲ್ಲಿ ಗಲಿಬಿಲಿಗೊಳ್ಳುವುದು ಸಹಜ. ತಮ್ಮೂರಿನ ಮರ್ಯಾದೆಯ ಅಕ್ಷರ ಅಲ್ಲಿ ತೋಳು ಮಡಿಸಿಕೊಂಡು ಬರುತ್ತದೆ.

‘ರೀ’ಯ ಜೋಡಿ ‘ಲೇ’ಯದೂ ಇದೇ ಹಣೆಬರಹ. ಹಳಗನ್ನಡದ ‘ಎಲೇ’ ಎಂಬ ಸಂಬೋಧನೆ ಸವೆದು ಉಳಿದ ತುಣುಕು ಅದು. ಹಾನಗಲ್ಲಿನ ಕಟ್ಟೆಯ ಮೇಲೆ ಗೆಳೆಯರು “ಯಾಕಲೇ, ಎಲ್ಲಿದ್ದಿ?” ಎಂದರೆ ಸಲುಗೆ, ಅದನ್ನೇ ಅಪರಿಚಿತನಿಗೆ ಅಂದರೆ ಹೊಡೆದಾಟ. ಮೈಸೂರಿನ ಹಳೆಯ ಮನೆಯಲ್ಲಾದರೋ “ಲೇ” ಎಂದರೆ ಗಂಡ ಹೆಂಡತಿಯನ್ನು ಕರೆಯುವ ರೀತಿ. ‘ರೀ’ ಅಡುಗೆಮನೆಯಿಂದ ಹಜಾರಕ್ಕೆ, ‘ಲೇ’ ಹಜಾರದಿಂದ ಅಡುಗೆಮನೆಗೆ. ಆ ಎರಡು ಅಕ್ಷರಗಳ ನಡುವೆ ಇಡೀ ಒಂದು ಕಾಲದ ಸಂಸಾರ ನಡೆದುಹೋಯಿತು.

ಬರಹಕ್ಕೆ ಬಂದರೆ ‘ರಿ’ಗೆ ಬೇರೆಯೇ ಅವತಾರ. ಯಾವ ಊರಿನ ಯುವಕ ಸಂಘದ, ಮಹಿಳಾ ಮಂಡಳದ ಬೋರ್ಡು ನೋಡಿದರೂ ಹೆಸರಿನ ಕೊನೆಗೆ ಕಂಸದೊಳಗೆ ಒಂದು ‘ರಿ.’ ಕೂತಿರುತ್ತದೆ. ಅದು ರಿಜಿಸ್ಟರ್ಡ್ ಎಂಬುದರ ತುಂಡು. ಆದರೂ ಸಂಘಕ್ಕೂ ‘ರಿ’ ಹಚ್ಚಿ ಮರ್ಯಾದೆ ಕೊಟ್ಟಂತೆ ಕಾಣುವುದರಿಂದ ಈ ಕಡೆ ಅದು ಹೆಚ್ಚೇ ಒಪ್ಪುತ್ತದೆ.

ಸಂಗೀತದಲ್ಲಿ ‘ರಿ’ ಎರಡನೆಯ ಸ್ವರ, ರಿಷಭ. ಇಲ್ಲಿ ಹಾನಗಲ್ಲಿನ ಹೆಸರು ತಾನಾಗಿ ನೆನಪಾಗುತ್ತದೆ. ಆ ಊರಿನ ಹೆಸರನ್ನು ದೇಶದ ಉದ್ದಗಲಕ್ಕೂ ಒಯ್ದ ಗಂಗೂಬಾಯಿ ಹಾನಗಲ್ (1913–2009) ಕಿರಾನಾ ಘರಾನೆಯ ಗಾಯಕಿ, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ. ಅವರ ತಾಯಿ ಅಂಬಾಬಾಯಿ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಕರ್ನಾಟಕ ಪದ್ಧತಿಯಲ್ಲಿ ಆ ಸ್ವರವನ್ನು ‘ರಿ’ ಎಂದೂ ಹಿಂದುಸ್ತಾನಿಯಲ್ಲಿ ‘ರೇ’ ಎಂದೂ ಹಾಡುತ್ತಾರೆ. ಒಂದೇ ಮನೆಯಲ್ಲಿ ತಾಯಿಯ ‘ರಿ’ ಮಗಳ ‘ರೇ’ ಆಯಿತು. ಪಾಶ್ಚಾತ್ಯ ಸಂಗೀತದ ಎರಡನೆಯ ಸ್ವರವೂ ‘ರೇ’ ಎಂಬುದು ಬರಿಯ ಕಾಕತಾಳೀಯ. 11ನೆಯ ಶತಮಾನದಲ್ಲಿ ಇಟಲಿಯ ಗೀದೋ ಎಂಬ ಸಂನ್ಯಾಸಿ ಲ್ಯಾಟಿನ್ ಸ್ತೋತ್ರವೊಂದರ ಸಾಲುಗಳ ಮೊದಲ ಅಕ್ಷರಗಳನ್ನು ಸ್ವರಗಳಿಗೆ ಹೆಸರಾಗಿ ಇಟ್ಟ. ‘ರೆಸೊನಾರೆ’ ಎಂಬ ಪದದಿಂದ ಈ ‘ರೇ’ ಬಂತು.

ಮತ್ತೆ ಮಾತಿಗೆ ಬಂದರೆ, ಹಿಂದಿಯಲ್ಲಿ ‘ರಿ’ಯ ಗೌರವ ತಲೆಕೆಳಗಾಗುತ್ತದೆ. ಅಲ್ಲಿನ ‘ರೀ’, ‘ಅರೀ’ ಹೆಣ್ಣುಮಕ್ಕಳನ್ನು ಏಕವಚನದಲ್ಲಿ, ಸಲುಗೆಯಿಂದಲೋ ಗದರಿಕೆಯಿಂದಲೋ ಕರೆಯುವ ಮಾತು. ಗೌರವ ಬೇಕಾದಲ್ಲಿ ಅವರು ‘ಜೀ’ ತರುತ್ತಾರೆ.

ಗೌರವವನ್ನು ಎಲ್ಲರಿಗೂ ಹಂಚಿದರೆ ಭಾಷೆಗೆ ಏನಾಗುತ್ತದೆ ಎಂದು ನೋಡಲು ಇಂಗ್ಲಿಷಿಗೇ ಹೋಗಬೇಕು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, 1990ರ ಜ್ಞಾನಪೀಠ ಪಡೆದ ವಿ.ಕೃ. ಗೋಕಾಕರು ಹುಟ್ಟಿದ್ದು ‘ರಿ’ಯ ಊರಿನಲ್ಲಿ, ಕಲಿಸಿದ್ದು ‘ಯೂ’ ಎನ್ನುವ ಭಾಷೆಯನ್ನು. ಆ ‘ಯೂ’ ಕೂಡ ಮೂಲದಲ್ಲಿ ಬಹುವಚನವೇ. ಒಬ್ಬನಿಗೆ ‘ದೌ’, ಹಲವರಿಗೂ ದೊಡ್ಡವರಿಗೂ ‘ಯೂ’ ಎಂಬ ಭೇದ ಅಲ್ಲಿಯೂ ಇತ್ತು. ನಿಧಾನವಾಗಿ ‘ಯೂ’ ಎಲ್ಲರಿಗೂ ಸಂದಿತು. ಏಕವಚನದ ‘ದೌ’ ಮುಖ್ಯವಾಗಿ ಪ್ರಾರ್ಥನೆಯಲ್ಲಿ ದೇವರಿಗೆ, ಹಳೆಯ ಕಾವ್ಯದಲ್ಲಿ ಪ್ರಿಯರಿಗೆ ಉಳಿಯಿತು. ಸ್ವೀಡನ್ನಿನವರು ಉಲ್ಟಾ ನಡೆದರು. 1967ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ತನ್ನ ಸಿಬ್ಬಂದಿಯನ್ನೆಲ್ಲ ಏಕವಚನದ ‘ದು’ ಎಂದೇ ಕರೆಯುವುದಾಗಿ ಹೇಳಿದ್ದು ಆ ಬದಲಾವಣೆಯ ಗುರುತಾಯಿತು. ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಏಕವಚನಕ್ಕೆ ಇಳಿಯಿತು.

ಹಾವೇರಿ ನಡೆದದ್ದು ಇಂಗ್ಲಿಷಿನ ದಾರಿ, ಆದರೆ ಅರ್ಧ ದಾರಿ. ‘ರಿ’ ಎಲ್ಲರಿಗೂ ಇದೆ, ಕೆಲವರನ್ನು ಬಿಟ್ಟು. ದೇವರಿಗೆ ಇಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಯ ಆದಿಕೇಶವನನ್ನು ಕರೆದದ್ದು ಏಕವಚನದಲ್ಲಿ. ತಂಗಿಗೂ ಇಲ್ಲ. ಅದೇ ತಾಲ್ಲೂಕಿನ ಶಿಶುವಿನಹಾಳದ ಷರೀಫರು ತತ್ವಪದಗಳಲ್ಲಿ ‘ತಂಗಿ’ ಎಂದು ಕರೆದು ಏಕವಚನದಲ್ಲೇ ಮಾತು ಮುಂದುವರಿಸುತ್ತಾರೆ. ಅವ್ವನಿಗೂ ಸಾಮಾನ್ಯವಾಗಿ ‘ರಿ’ ಇಲ್ಲ. ಅವಳಿಗೆ ಬೇರೊಂದು ಅಕ್ಷರ ಕಾದಿದೆ: ‘ಬೇ’. “ಬಾ ಬೇ”, “ಉಂಡೇನ್ ಬೇ?” ಅಕ್ಕರೆಯಲ್ಲಿ ಅದ್ದಿ ತೆಗೆದ ಮಾತು. ಹಿಂದಿಯವರಿಗೆ ‘ಬೇ’, ‘ಅಬೇ’ ಅಂದರೆ ನೇರ ಬೈಗುಳದ ಬಾಗಿಲು.

ಹಾನಗಲ್ಲಿನ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡ ಹುಡುಗ ಈಗ ಫೋನಿನಲ್ಲಿದ್ದಾನೆ. “ಹೌದ್ರಿ ಸರ್, ನಾಳಿಗೆ ಬರ್ತೇನ್ರಿ, ಆತ್ರಿ.” ಆ ಕರೆ ಮುಗಿಯುವುದರೊಳಗೆ ಇನ್ನೊಂದು ರಿಂಗಾಗುತ್ತದೆ. ಪರದೆಯ ಮೇಲಿನ ಹೆಸರು ನೋಡುತ್ತಲೇ ದನಿ ಇಳಿಯುತ್ತದೆ. “ಹೂಂ ಬೇ, ಬಸ್ಸಿನ್ಯಾಗ ಅದೀನಿ. ರೊಟ್ಟಿ ಮುಚ್ಚಿಡು.”